ಮೊಬೈಲ್ ಫೋನು ಬೆರಳನ್ನು ಗುರುತಿಸದಿದ್ದಾಗ

ಅಡಿಕೆ ಸುಲಿಯುವ ಕಾಲ ಬಂದಾಗ ಮಲೆನಾಡಿನ ಮನೆಗಳಲ್ಲಿ ಈಚೆಗೆ ಒಂದು ಹೊಸ ದೂರು ಕೇಳಿಬರುತ್ತಿದೆ. ವಾರದ ಹಿಂದಿನವರೆಗೆ ಬೆರಳಿಟ್ಟ ಕೂಡಲೇ ತೆರೆದುಕೊಳ್ಳುತ್ತಿದ್ದ ಮೊಬೈಲ್ ಫೋನು ಈಗ ಯಜಮಾನನ ಬೆರಳನ್ನೇ ಒಪ್ಪುವುದಿಲ್ಲ. ಬಯಲುಸೀಮೆಯಲ್ಲಿ ಕಬ್ಬು ಕಟಾವಿನ ದಿನಗಳಲ್ಲಿ, ಕರಾವಳಿಯಲ್ಲಿ ಗೇರುಬೀಜ ಬಿಡಿಸುವ ಕಡೆ, ಗದ್ದೆ ನಾಟಿಯ ಹೊತ್ತಿನಲ್ಲಿ ಕೂಡ ಇದೇ ಮಾತು. ಫೋನು ಕೆಟ್ಟಿತೆಂದು ತಿಳಿದು ಪೇಟೆಯ ಅಂಗಡಿಗೆ ಒಯ್ದು, ಬೇಡದ ರಿಪೇರಿಗೆ ಹಣ ತೆತ್ತು, ಕೆಲವೊಮ್ಮೆ ಫೋನಿನಲ್ಲಿದ್ದ ಫೋಟೋ, ಲೆಕ್ಕಪತ್ರ, ದೂರವಾಣಿ ಸಂಖ್ಯೆಗಳನ್ನೆಲ್ಲ ಕಳೆದುಕೊಂಡು ಬರುವವರಿದ್ದಾರೆ.

ಎಲೆ ಹಳದಿಯಾದ ಕೂಡಲೇ ಯೂರಿಯಾ ಎರಚುವುದು ಹೇಗೆ ಸರಿಯಲ್ಲವೋ ಹಾಗೆಯೇ ಇದೂ ಸರಿಯಲ್ಲ. ಹಳದಿಗೆ ಸಾರಜನಕದ ಕೊರತೆ ಕಾರಣವಿರಬಹುದು, ನೀರು ನಿಂತದ್ದು ಕಾರಣವಿರಬಹುದು, ಬೇರಿನ ರೋಗವೂ ಇರಬಹುದು. ಫೋನು ಬೆರಳನ್ನು ಗುರುತಿಸದಿದ್ದಾಗಲೂ ಮೊದಲು ಕಾರಣವನ್ನು ಹುಡುಕಬೇಕು. ಕೈಕೆಲಸ ಮಾಡುವವರ ಮಟ್ಟಿಗೆ ಹೇಳುವುದಾದರೆ ಫೋನಿಗಿಂತ ಮುಂಚೆ ಬೆರಳನ್ನು ಪರೀಕ್ಷಿಸುವುದು ಒಳ್ಳೆಯದು.

ಬೆರಳಚ್ಚು ಎಂದರೇನು?

ಬೆರಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಉತ್ತ ಹೊಲದಂತೆ ಬೋದು ಮತ್ತು ಸಾಲುಗಳು ಕಾಣುತ್ತವೆ. ಒಂದು ಬೋದಿನಿಂದ ಮುಂದಿನ ಬೋದಿಗೆ ಸುಮಾರು ಅರ್ಧ ಮಿಲಿಮೀಟರ್ ಅಂತರ. ಈ ಬೋದುಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಕೊನೆಗೊಳ್ಳುತ್ತವೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಒಬ್ಬನದೇ ಹತ್ತು ಬೆರಳುಗಳಲ್ಲಿಯೂ ಹತ್ತು ಬಗೆ. ತಾಯಿಯ ಗರ್ಭದಲ್ಲಿರುವಾಗಲೇ ಮೂಡುವ ಈ ವಿನ್ಯಾಸ ಸಾಯುವವರೆಗೆ ಬದಲಾಗುವುದಿಲ್ಲ. ಬಂಗಾಳದ ಜಂಗೀಪುರದಲ್ಲಿ 1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸುವ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಕೈ ಅಚ್ಚನ್ನು ಕರಾರಿನ ಮೇಲೆ ಒತ್ತಿಸಿಕೊಂಡದ್ದು ಈ ವಿದ್ಯೆಯ ಮೊದಮೊದಲ ಪ್ರಯೋಗಗಳಲ್ಲಿ ಒಂದು. ಹೆಬ್ಬೆಟ್ಟು ಒತ್ತುವವನು ಓದುಬರಹ ಬಾರದವನು ಎಂದು ನಗುತ್ತಿದ್ದ ಕಾಲ ಹೋಯಿತು. ಈಗ ಪದವೀಧರನೂ ದಿನಕ್ಕೆ ಹತ್ತು ಸಲ ಹೆಬ್ಬೆಟ್ಟು ಒತ್ತುತ್ತಾನೆ.

ವಿನ್ಯಾಸ ಬದಲಾಗದಿದ್ದರೂ ಬೋದು ಸವೆಯುತ್ತದೆ. ಚರ್ಮದ ಮೇಲುಪದರ ಮಾತ್ರ ಸವೆಯುವುದರಿಂದ, ಅದರ ಬೇರಿನಂತಿರುವ ಒಳಪದರಕ್ಕೆ ಪೆಟ್ಟಾಗದಿದ್ದರೆ, ಕೆಲವು ವಾರಗಳಲ್ಲಿ ಅದೇ ಬೋದು ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತದೆ. ಮೇಲುಪದರ ಪೂರ್ತಿ ಹೊಸದಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸುಗ್ಗಿ ಮುಗಿದ ಮೇಲೆ ಫೋನು ತಾನಾಗಿಯೇ ಸರಿಹೋಯಿತು ಎಂದು ಹಲವರು ಹೇಳುವುದುಂಟು. ಸರಿಹೋದದ್ದು ಫೋನಲ್ಲ, ಬೆರಳು.

ಕೃಷಿಯಲ್ಲಿ ಬೆರಳನ್ನು ಸವೆಸುವ ಕೆಲಸಗಳು ಅನೇಕ. ಗುದ್ದಲಿ ಕತ್ತಿಗಳ ಹಿಡಿ, ಕಬ್ಬಿನ ಸೋಗೆ, ಹಗ್ಗ, ಇಟ್ಟಿಗೆ ಸಿಮೆಂಟು ಇವು ಉಜ್ಜಿ ಸವೆಸುತ್ತವೆ. ಸುಣ್ಣ ಕ್ಷಾರವಾದ್ದರಿಂದ ಚರ್ಮವನ್ನು ತಿನ್ನುತ್ತದೆ. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸುವಾಗ ಬರಿಗೈ ಹಾಕುವ ಅಭ್ಯಾಸ ಇನ್ನೂ ಪೂರ್ತಿ ತಪ್ಪಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಟ್ಟು ಸುಲಿಯುವಂತೆ ಮಾಡುತ್ತದೆ. ಹಸಿ ಅಡಿಕೆಯ ಒಗರು ರಸ ಬೆರಳ ಮೇಲೆ ಕಪ್ಪು ಪದರವಾಗಿ ಕಟ್ಟಿಕೊಂಡು ಬೋದುಗಳ ನಡುವಣ ಸಾಲನ್ನು ಮುಚ್ಚುತ್ತದೆ. ವಯಸ್ಸಾದವರಲ್ಲಿ ಚರ್ಮ ಒಣಗಿ ಸಡಿಲವಾಗುವುದರಿಂದ ಕೆಲಸ ಮಾಡದಿದ್ದರೂ ಅಚ್ಚು ಮಸುಕಾಗುತ್ತದೆ. ಕೆಲವು ಕ್ಯಾನ್ಸರ್ ಔಷಧಗಳಿಂದಲೂ ಬೆರಳಚ್ಚು ಅಳಿದುಹೋಗುವುದುಂಟು. ಅಂಥವರ ಮನೆಯವರು ಇದನ್ನು ತಿಳಿದಿರಬೇಕು.

ಫೋನು ಬೆರಳನ್ನು ಓದುವ ಬಗೆ

ಫೋನುಗಳಲ್ಲಿ ಮೂರು ಬಗೆಯ ಬೆರಳಚ್ಚು ಸಾಧನಗಳಿವೆ. ನಮ್ಮದು ಯಾವುದೆಂದು ತಿಳಿಯದೆ ಪರಿಹಾರ ಮಾಡಲಾಗದು.

ಫೋನಿನ ಬೆನ್ನಿನಲ್ಲಿ ಅಥವಾ ಪಕ್ಕದ ಗುಂಡಿಯಲ್ಲಿ ಇರುವುದು ಮೊದಲನೆಯ ಬಗೆ. ಕಡಿಮೆ ಬೆಲೆಯ ಫೋನುಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಇದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಬಿಲ್ಲೆಗಳು ಸಾಲುಸಾಲಾಗಿ ಇರುತ್ತವೆ. ಬೆರಳಿಟ್ಟಾಗ ಬೋದು ತಾಗಿದ ಕಡೆ ಬಿಲ್ಲೆ ಹೆಚ್ಚು ವಿದ್ಯುತ್ತನ್ನು ಹಿಡಿದುಕೊಳ್ಳುತ್ತದೆ, ಸಾಲಿನ ಕಡೆ ಗಾಳಿ ಇರುವುದರಿಂದ ಕಡಿಮೆ. ಈ ಹೆಚ್ಚುಕಡಿಮೆಯಿಂದಲೇ ಫೋನು ಅಚ್ಚಿನ ನಕ್ಷೆ ತಯಾರಿಸುತ್ತದೆ. ಬಣ್ಣ ಇದಕ್ಕೆ ಲೆಕ್ಕಕ್ಕಿಲ್ಲ. ಅಡಿಕೆಯ ಕರೆಯಿಂದ ಬೆರಳು ಕಪ್ಪಾದ ಮಾತ್ರಕ್ಕೆ ತೊಂದರೆಯಿಲ್ಲ, ಪದರ ಕಟ್ಟಿದರೆ ತೊಂದರೆ. ಈ ಸಾಧನಕ್ಕೆ ಬಿತ್ತನೆಗೆ ಬೇಕಾದಂತೆಯೇ ಹದ ಬೇಕು. ಬೆರಳು ತೀರ ಒಣಗಿದ್ದರೆ ಅಚ್ಚು ಮೂಡುವುದಿಲ್ಲ, ಒದ್ದೆಯಾಗಿದ್ದರೆ ಸಾಲುಗಳಲ್ಲಿ ನೀರು ತುಂಬಿ ಬೋದು ಯಾವುದು ಸಾಲು ಯಾವುದು ಎಂಬುದು ತಿಳಿಯುವುದಿಲ್ಲ. ನಾಟಿ ಮಾಡಿ ಸುಕ್ಕುಗಟ್ಟಿದ ಬೆರಳನ್ನು ಇದು ಒಪ್ಪದಿರುವುದಕ್ಕೆ ಕಾರಣ ಇದೇ.

ಎರಡನೆಯದು ಪರದೆಯ ಕೆಳಗೇ ಇದ್ದು ಬೆಳಕಿನಿಂದ ನೋಡುವಂಥದು. ಬೆರಳಿಟ್ಟ ಜಾಗದಲ್ಲಿ ಪರದೆ ಜಗ್ಗನೆ ಬೆಳಗಿದರೆ ಇದೇ ಬಗೆ ಎಂದು ತಿಳಿಯಬಹುದು. ಪರದೆಯಡಿಯ ಸಣ್ಣ ಕ್ಯಾಮರಾ ಬೆರಳಿನ ಚಿತ್ರ ತೆಗೆಯುತ್ತದೆ. ಗಾಜಿನ ಮೇಲಿನ ಜಿಡ್ಡು, ಗೀರು, ದಪ್ಪ ರಕ್ಷಾಗಾಜು ಇವು ಇದರ ಶತ್ರುಗಳು. ಮೂರನೆಯದು ಶ್ರವಣಾತೀತ ಶಬ್ದದ ಅಲೆಗಳಿಂದ ಓದುವಂಥದು. ದುಬಾರಿ ಫೋನುಗಳಲ್ಲಿ ಮಾತ್ರ ಕಾಣುತ್ತದೆ, ಸ್ವಲ್ಪ ತೇವವನ್ನು ತಡೆದುಕೊಳ್ಳುತ್ತದೆ, ಆದರೆ ಗಾಜಿಗೂ ಪರದೆಗೂ ನಡುವೆ ಗಾಳಿ ಸೇರಿದರೆ ಕೆಲಸ ಮಾಡದು.

ದೋಷ ಬೆರಳಿನದೋ ಫೋನಿನದೋ?

ಕೆಳಗಿನ ಪರೀಕ್ಷೆಯನ್ನು ಮನೆಯಲ್ಲಿಯೇ ಹತ್ತು ನಿಮಿಷದಲ್ಲಿ ಮಾಡಬಹುದು. ಮೊದಲು ಕೈಯನ್ನು ಸೋಪಿನಿಂದ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಕೆಲವು ನಿಮಿಷ ಬಿಟ್ಟು ಬೆರಳಿಡಿ. ತೆರೆದರೆ ಅಲ್ಲಿಗೆ ಮುಗಿಯಿತು. ತೆರೆಯದಿದ್ದರೆ ಫೋನನ್ನು ಒಮ್ಮೆ ಪೂರ್ತಿ ಆರಿಸಿ ಮತ್ತೆ ಚಾಲೂ ಮಾಡಿ. ಹೀಗೆ ಚಾಲೂ ಮಾಡಿದ ಕೂಡಲೇ ಯಾವ ಫೋನೂ ಬೆರಳನ್ನು ಒಪ್ಪುವುದಿಲ್ಲ. ಮೊದಲ ಸಲ ಪಿನ್ ಸಂಖ್ಯೆ ಅಥವಾ ಗೆರೆಯ ವಿನ್ಯಾಸವನ್ನು ಕೇಳಿಯೇ ಕೇಳುತ್ತದೆ. ಅದು ದೋಷವಲ್ಲ, ಭದ್ರತೆಯ ಕ್ರಮ. ಆಂಡ್ರಾಯ್ಡ್ ಫೋನುಗಳು ಮೂರು ದಿನಕ್ಕೊಮ್ಮೆಯಾದರೂ ಪಿನ್ ಕೇಳುವುದುಂಟು. ಸಾಮಾನ್ಯವಾಗಿ ಐದು ಸಲ ತಪ್ಪು ಬೆರಳಿಟ್ಟರೆ ಅರ್ಧ ನಿಮಿಷ ತಡೆಹಿಡಿಯುತ್ತವೆ, ಮತ್ತೆ ಮತ್ತೆ ತಪ್ಪಿದರೆ ಪಿನ್ ಹಾಕುವವರೆಗೆ ಬೆರಳನ್ನು ನೋಡುವುದೇ ಇಲ್ಲ. ಆದ್ದರಿಂದ ಸಿಟ್ಟಿನಿಂದ ಬೆರಳನ್ನು ಒತ್ತಿ ಒತ್ತಿ ತಿಕ್ಕುವುದರಿಂದ ಪ್ರಯೋಜನವಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳೋ ಮೆತ್ತನೆಯ ಕೈಯವರೋ ಇದ್ದರೆ ಅವರ ಒಂದು ಬೆರಳನ್ನು ತಾತ್ಕಾಲಿಕವಾಗಿ ದಾಖಲಿಸಿ ನೋಡಿ. ಅವರ ಬೆರಳಿಗೆ ಫೋನು ಪ್ರತಿಸಲವೂ ತೆರೆದುಕೊಂಡರೆ ಸಾಧನ ಚೆನ್ನಾಗಿದೆ, ನಿಮ್ಮ ಬೆರಳು ಸವೆದಿದೆ ಎಂದು ನಿಶ್ಚಯವಾಗಿ ಹೇಳಬಹುದು. ಪರೀಕ್ಷೆ ಮುಗಿದೊಡನೆ ಆ ಅಚ್ಚನ್ನು ಅಳಿಸಿಬಿಡತಕ್ಕದ್ದು. ಫೋನಿನಲ್ಲಿ ದಾಖಲಾದ ಬೆರಳು ಯಾರದೇ ಆಗಲಿ, ಅದಕ್ಕೆ ಹಣ ಕಳುಹಿಸುವ ಆಪ್ ಕೂಡ ಬಾಗಿಲು ತೆರೆಯುವ ಸಂಭವವಿದೆ. ಯಾರ ಬೆರಳನ್ನೂ ಒಪ್ಪದಿದ್ದರೆ, ಅಥವಾ ಸೆಟ್ಟಿಂಗ್ಸ್‌ನಲ್ಲಿ ಬೆರಳಚ್ಚಿನ ಸಾಲೇ ಮಾಯವಾಗಿದ್ದರೆ, ದೋಷ ಫೋನಿನೊಳಗಿದೆ ಎಂದು ತಿಳಿಯಬೇಕು.

ಹಳೆಯ ಅಚ್ಚನ್ನು ಅಳಿಸಿ ಹೊಸದಾಗಿ ದಾಖಲಿಸುವುದು

ಬೆರಳು ಸವೆದಿದ್ದಾಗ ಖರ್ಚಿಲ್ಲದ, ಬಹುಮಟ್ಟಿಗೆ ಫಲ ಕೊಡುವ ಪರಿಹಾರ ಇದೊಂದೇ. ಫೋನು ಕೊಂಡ ದಿನ ಅಂಗಡಿಯಲ್ಲಿ ಅವಸರದಿಂದ ಕೊಟ್ಟ ಅಚ್ಚು ಇಂದಿನ ಬೆರಳಿಗೆ ಹೊಂದದಿರುವುದು ಸಹಜ. ಈ ಕೆಲಸಕ್ಕೆ ಪಿನ್ ಸಂಖ್ಯೆ ನೆನಪಿರಲೇಬೇಕು. ಅದಿಲ್ಲದೆ ಸೆಟ್ಟಿಂಗ್ಸ್‌ನ ಭದ್ರತೆಯ ಭಾಗಕ್ಕೆ ಹೋಗಲಾಗದು. ಬ್ಯಾಂಕಿನ ಆಪ್‌ಗಳ ಸಂಖ್ಯೆಯೂ ನೆನಪಿರಲಿ. ಹೊಸ ಬೆರಳು ಸೇರಿಸಿದ ಕೂಡಲೇ ಅನೇಕ ಬ್ಯಾಂಕ್ ಆಪ್‌ಗಳು ಬೆರಳಿನ ಪ್ರವೇಶವನ್ನು ರದ್ದುಪಡಿಸಿ ಮತ್ತೆ ಸಂಖ್ಯೆ ಕೇಳುತ್ತವೆ. ಮಂಡಿಯಲ್ಲಿ ಹಣ ಕೊಡಬೇಕಾದ ದಿನ ಬೆಳಿಗ್ಗೆ ಈ ಕೆಲಸಕ್ಕೆ ಕೈಹಾಕಬೇಡಿ.

ಸೆಟ್ಟಿಂಗ್ಸ್ ತೆರೆದು, ಭದ್ರತೆ ಅಥವಾ ಪಾಸ್‌ವರ್ಡ್ ಎಂದಿರುವಲ್ಲಿ ಬೆರಳಚ್ಚಿನ ಸಾಲನ್ನು ಒತ್ತಿದರೆ ಹಿಂದೆ ಕೊಟ್ಟ ಅಚ್ಚುಗಳು ಕಾಣುತ್ತವೆ. ಅವನ್ನು ಒಂದೊಂದಾಗಿ ಅಳಿಸಿ, ಹೊಸದನ್ನು ಸೇರಿಸಬೇಕು. ಇಲ್ಲಿ ಮೂರು ನಾಲ್ಕು ವಿಷಯಗಳನ್ನು ಗಮನಿಸಿದರೆ ಫಲ ಹೆಚ್ಚು.

ಮೊದಲನೆಯದಾಗಿ, ಬೆರಳು ಶುಭ್ರವಾಗಿರಲಿ, ಆದರೆ ಎಣ್ಣೆ ನೀರು ಮಾಡಿ ಮೆತ್ತಗಾದ ಹಬ್ಬದ ದಿನದ ಬೆರಳು ಬೇಡ. ದಿನನಿತ್ಯ ಫೋನು ಹಿಡಿಯುವಾಗ ಕೈ ಹೇಗಿರುತ್ತದೆಯೋ ಅದೇ ಸ್ಥಿತಿಯಲ್ಲಿ ಅಚ್ಚು ಕೊಡುವುದು ಒಳ್ಳೆಯದು. ಎರಡನೆಯದಾಗಿ, ಹೆಬ್ಬೆರಳೇ ಆಗಬೇಕೆಂಬ ನಿಯಮವಿಲ್ಲ. ಬಲಗೈ ಹೆಬ್ಬೆರಳು ಮತ್ತು ತೋರುಬೆರಳು ಕತ್ತಿ ಗುದ್ದಲಿಗಳ ಹಿಡಿತದಲ್ಲಿ ಹೆಚ್ಚು ಸವೆಯುತ್ತವೆ. ಎಡಗೈಯ ಉಂಗುರ ಬೆರಳು, ಕಿರುಬೆರಳುಗಳಿಗೆ ಕೆಲಸ ಕಡಿಮೆಯಾದ್ದರಿಂದ ಬೋದುಗಳು ಉಳಿದಿರುತ್ತವೆ. ರೂಢಿಯಾಗುವವರೆಗೆ ಎರಡು ದಿನ ಕಷ್ಟವೆನಿಸಬಹುದು. ಮೂರನೆಯದಾಗಿ, ಫೋನು ಹತ್ತು ಹದಿನೈದು ಸಲ ಬೆರಳನ್ನು ಎತ್ತಿ ಇಡಲು ಹೇಳುತ್ತದೆ. ಪ್ರತಿಸಲವೂ ಒಂದೇ ಜಾಗವನ್ನು ಇಡದೆ ನಡು, ತುದಿ, ಎರಡೂ ಪಕ್ಕಗಳನ್ನು ಕ್ರಮವಾಗಿ ತೋರಿಸಬೇಕು. ಪಕ್ಕದ ಗುಂಡಿಯ ಫೋನಾದರೆ ಮೇಜಿನ ಮೇಲಿಡದೆ, ನಿಂತು ಬಳಸುವಾಗ ಹೇಗೆ ಹಿಡಿಯುತ್ತೀರೋ ಹಾಗೆಯೇ ಹಿಡಿದು ಅಚ್ಚು ಕೊಡಿ.

ಬಹುಪಾಲು ಫೋನುಗಳು ಮೂರರಿಂದ ಐದು ಅಚ್ಚುಗಳಿಗೆ ಸ್ಥಳ ಕೊಡುತ್ತವೆ. ಒಂದೇ ಬೆರಳನ್ನು ಎರಡು ಸ್ಥಳಗಳಲ್ಲಿ, ಒಂದು ಸಲ ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಇನ್ನೊಂದು ಸಲ ಸಂಜೆ ಕೆಲಸ ಮುಗಿದ ಮೇಲೆ ದಾಖಲಿಸಿದರೆ ಗುರುತಿಸುವ ಸಂಭವ ಹೆಚ್ಚುತ್ತದೆ. ಕೆಲವು ಫೋನುಗಳು ಒಮ್ಮೆ ಕೊಟ್ಟ ಬೆರಳನ್ನು ಮತ್ತೆ ಸ್ವೀಕರಿಸುವುದಿಲ್ಲ. ಅಲ್ಲಿ ಬೇರೆ ಬೆರಳನ್ನೇ ಕೊಡಬೇಕು.

ಗಾಜು, ಧೂಳು, ಬಿಸಿಲು

ಪಕ್ಕದ ಗುಂಡಿಯ ಸಾಧನಕ್ಕೆ ಅಂಗಿಯ ಜೇಬಿನ ನೂಲು, ಹೊಟ್ಟು, ಗೊಬ್ಬರದ ಧೂಳು ಅಂಟುತ್ತದೆ. ಫೋನನ್ನು ಆರಿಸಿ, ಮೆತ್ತನೆಯ ಬಟ್ಟೆಯನ್ನು ಅರೆಬರೆ ಒದ್ದೆ ಮಾಡಿ ಹಿಂಡಿ ಒರೆಸಿದರೆ ಸಾಕು. ಸೀಮೆಎಣ್ಣೆ, ಪೆಟ್ರೋಲು, ಬಣ್ಣದ ಥಿನ್ನರ್ ಕೂಡದು. ಪಿನ್ನು, ಬ್ಲೇಡುಗಳಿಂದ ಕೆರೆದರೆ ಮೇಲಿನ ತೆಳುಪದರ ಹೋಗಿ ಸಾಧನ ಶಾಶ್ವತವಾಗಿ ಹಾಳಾಗುತ್ತದೆ.

ಪರದೆಯಡಿಯ ಸಾಧನವಿದ್ದವರು ಹೊಸ ರಕ್ಷಾಗಾಜು ಹಾಕಿಸಿದ ದಿನದಿಂದ ತೊಂದರೆ ಶುರುವಾಯಿತೇ ಎಂದು ನೆನಪಿಸಿಕೊಳ್ಳಲಿ. ಹಾಗಿದ್ದರೆ ಗಾಜನ್ನು ತೆಗೆದು ಪರೀಕ್ಷಿಸಿ, ಆ ಫೋನಿಗೆಂದೇ ಮಾಡಿದ ತೆಳುವಾದ ಗಾಜು ಹಾಕಿಸಿ, ಆಮೇಲೆ ಅಚ್ಚುಗಳನ್ನು ಹೊಸದಾಗಿ ಕೊಡಬೇಕು. ಕೆಲವು ಫೋನುಗಳಲ್ಲಿ ಸ್ಪರ್ಶದ ಸೂಕ್ಷ್ಮತೆಯನ್ನು ಹೆಚ್ಚಿಸುವ ಗುಂಡಿಯೂ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಗಾಜಿನ ವಿಷಯ ಸಣ್ಣದೆಂದು ತಿಳಿಯಬೇಡಿ. 2019ರ ಅಕ್ಟೋಬರಿನಲ್ಲಿ ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ಎಸ್10, ನೋಟ್ 10 ಫೋನುಗಳು ಕೆಲವು ಸಿಲಿಕಾನ್ ಹೊದಿಕೆಗಳನ್ನು ಹಾಕಿದಾಗ ದಾಖಲಾಗದ ಬೆರಳಿಗೂ ತೆರೆದುಕೊಳ್ಳುತ್ತಿದ್ದವು. ಹೊದಿಕೆಯ ಮೇಲಿನ ಉಬ್ಬುತಗ್ಗುಗಳನ್ನೇ ಸಾಧನ ಬೆರಳಚ್ಚೆಂದು ತಿಳಿದಿತ್ತು. ಕಂಪನಿ ತಂತ್ರಾಂಶವನ್ನು ತಿದ್ದಿ ಕೊಟ್ಟ ಮೇಲೆ ಸರಿಯಾಯಿತು. ಫೋನಿಗೆ ಬರುವ ಅಪ್‌ಡೇಟ್‌ಗಳನ್ನು ಮುಂದೂಡುತ್ತ ಹೋಗಬಾರದೆಂಬುದಕ್ಕೆ ಇದೊಂದು ಕಾರಣ.

ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ, ಪಂಪ್‌ಸೆಟ್ ಮನೆಯ ತಗಡಿನ ಕೆಳಗೆ ಬಿಸಿಲಿಗೆ ಫೋನು ಇಡುವ ಅಭ್ಯಾಸದಿಂದ ಬ್ಯಾಟರಿ ಉಬ್ಬುವ ಅಪಾಯವಿದೆ. ಉಬ್ಬಿದ ಬ್ಯಾಟರಿ ಪರದೆಯನ್ನೋ ಬೆನ್ನಿನ ಮುಚ್ಚಳವನ್ನೋ ಎತ್ತಿಹಿಡಿದು ಬೆರಳಚ್ಚು ಸಾಧನವನ್ನು ಸಡಿಲಿಸುತ್ತದೆ. ಫೋನಿನ ಅಂಚು ಬಿಟ್ಟುಕೊಂಡಂತೆ ಕಂಡರೆ ಬೆರಳಚ್ಚಿನ ಮಾತು ಹಾಗಿರಲಿ, ತಕ್ಷಣ ಆರಿಸಿ, ಚಾರ್ಜ್ ಮಾಡದೆ, ಹುಲ್ಲು ಹತ್ತಿ ಬಟ್ಟೆಗಳಿಂದ ದೂರವಿಟ್ಟು ಬ್ಯಾಟರಿ ಬದಲಾಯಿಸಬೇಕು. ಒತ್ತಿ ಕೂರಿಸಲು, ಚುಚ್ಚಲು ಹೋದರೆ ಬೆಂಕಿ ಹತ್ತಿಕೊಳ್ಳುತ್ತದೆ.

ರಿಪೇರಿ ಅಂಗಡಿಗೆ ಒಯ್ಯುವ ಮುನ್ನ

ದೋಷ ಫೋನಿನೊಳಗಿದೆ ಎಂದು ಖಚಿತವಾದ ಮೇಲೆಯೇ ಅಂಗಡಿಗೆ ಹೋಗಬೇಕು. ಬೆನ್ನಿನ ಅಥವಾ ಪಕ್ಕದ ಸಾಧನವಾದರೆ ಅದರ ತೆಳುವಾದ ಪಟ್ಟಿ ತಂತಿ ಕಳಚಿರಬಹುದು ಇಲ್ಲವೇ ಹರಿದಿರಬಹುದು. ಬ್ಯಾಟರಿ ಬದಲಿಸಲು ಮುಚ್ಚಳ ತೆಗೆಯುವಾಗ ಹೀಗಾಗುವುದುಂಟು. ಇದು ಸಣ್ಣ ರಿಪೇರಿ. ಒಡೆದ ಪರದೆ ಬದಲಿಸಿದ ಮೇಲೆ ಬೆರಳಚ್ಚು ನಿಂತಿದ್ದರೆ ಹಾಕಿದ ಪರದೆ ಯಾವುದೆಂದು ವಿಚಾರಿಸಿ. ಬೆಳಕಿನಿಂದ ಓದುವ ಸಾಧನಕ್ಕೆ ಸಾಮಾನ್ಯವಾಗಿ ಓಎಲ್ಇಡಿ ಪರದೆಯೇ ಬೇಕು. ಅದರ ಬದಲು ಅಗ್ಗದ ಎಲ್‌ಸಿಡಿ ಹಾಕಿದರೆ ಚಿತ್ರ ಕಂಡರೂ ಬೆರಳು ಕಾಣುವುದಿಲ್ಲ. ಹೋಮ್ ಗುಂಡಿಯಿರುವ ಐಫೋನುಗಳಲ್ಲಿ ಗುಂಡಿಯೂ ಒಳಗಿನ ಮುಖ್ಯ ಫಲಕವೂ ಜೋಡಿಯಾದವು. ಹೊರಗಿನ ಅಂಗಡಿಯಲ್ಲಿ ಗುಂಡಿ ಬದಲಿಸಿದರೆ ಬೆರಳಚ್ಚು ಮತ್ತೆ ಬರುವುದಿಲ್ಲ.

ಎಲ್ಲವನ್ನೂ ಅಳಿಸಿ ಫೋನನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುವ ಸಲಹೆಯನ್ನು ಕೆಲವರು ಮೊದಲೇ ಕೊಡುತ್ತಾರೆ. ಅವರಿಗೆ ಅದು ಸುಲಭ, ನಷ್ಟ ನಿಮ್ಮದು. ಸವೆದ ಬೆರಳಿಗೂ ಹರಿದ ತಂತಿಗೂ ಅದರಿಂದ ಏನೂ ಆಗದು. ಪಿನ್ ಮರೆತು ಬೆರಳೂ ಹೊಂದದಿದ್ದರೆ ಮಾತ್ರ ಬೇರೆ ದಾರಿಯಿಲ್ಲದೆ ಹಾಗೆ ಮಾಡಬೇಕಾಗುತ್ತದೆ. ಆಗಲೂ ಆಂಡ್ರಾಯ್ಡ್ ಫೋನು ಹಿಂದಿನ ಗೂಗಲ್ ಖಾತೆಯ ಹೆಸರು, ಗುಪ್ತಪದಗಳನ್ನು ಕೇಳುತ್ತದೆ. ಮಗನೋ ಅಂಗಡಿಯವನೋ ಮಾಡಿಕೊಟ್ಟ ಖಾತೆಯ ವಿವರ ಗೊತ್ತಿಲ್ಲದವರು ಫೋನು ಸರಿಯಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಪಿನ್ ಸಂಖ್ಯೆಯನ್ನು ಫೋನಿನ ಕವರಿನೊಳಗೆ ಚೀಟಿ ಮಾಡಿ ಇಡುವವರಿದ್ದಾರೆ. ಬೀಗದ ಕೈಯನ್ನು ಬೀಗಕ್ಕೇ ಕಟ್ಟಿದಂತಾಯಿತು. ಮನೆಯಲ್ಲಿ ಪಹಣಿ, ಪಾಸ್‌ಬುಕ್ ಇಡುವ ಪೆಟ್ಟಿಗೆಯಲ್ಲಿ ಇಡಿ. ಫೋನು ಅಂಗಡಿಯಲ್ಲಿ ಬಿಟ್ಟುಬರುವುದಾದರೆ ಸಿಮ್ ತೆಗೆದುಕೊಂಡು ಬನ್ನಿ.

ಬೆರಳುಗಳ ಆರೈಕೆ

ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿಕೊಂಡರೆ ಒಡೆದ ಚರ್ಮ ಬೇಗ ಕೂಡುತ್ತದೆ. ಬೆಳಿಗ್ಗೆ ಜಿಡ್ಡು ಒರೆಸಿಯೇ ಫೋನು ಮುಟ್ಟಬೇಕು. ಸುಣ್ಣ, ಮೈಲುತುತ್ತ, ಕೀಟನಾಶಕ, ರಸಗೊಬ್ಬರಗಳನ್ನು ಮುಟ್ಟುವಾಗ ರಬ್ಬರ್ ಕೈಚೀಲ ಹಾಕಿಕೊಳ್ಳಿ; ಇದು ಫೋನಿಗಾಗಿ ಅಲ್ಲ, ಆರೋಗ್ಯಕ್ಕಾಗಿಯೇ ಅಗತ್ಯ. ಅಡಿಕೆ ಕರೆ ಹೋಗಲೆಂದು ಕಲ್ಲಿಗೋ ಮರಳುಕಾಗದಕ್ಕೋ ಬೆರಳು ತಿಕ್ಕಿದರೆ ಕರೆಯ ಜತೆಗೆ ಬೋದೂ ಹೋಗುತ್ತದೆ. ತುರಿಕೆ, ಸಿಪ್ಪೆ ಏಳುವುದು, ರಕ್ತ ಜಿನುಗುವ ಬಿರುಕು ಇದ್ದರೆ ಚರ್ಮವೈದ್ಯರಿಗೆ ತೋರಿಸಬೇಕು.

ಪಡಿತರ ಅಂಗಡಿಯ ಯಂತ್ರ

ಫೋನಿನಲ್ಲಿ ಅಚ್ಚು ಅಳಿಸಿದರೆ ಆಧಾರ್ ಕೂಡ ಅಳಿಸಿಹೋಗುತ್ತದೆಯೇ ಎಂಬ ಭಯ ಕೆಲವರಿಗಿದೆ. ಇವೆರಡಕ್ಕೂ ಸಂಬಂಧವಿಲ್ಲ. ಫೋನಿಗಾಗಿ ಕೊಟ್ಟ ಅಚ್ಚು ಫೋನಿನೊಳಗಿನ ಭದ್ರ ಭಾಗದಲ್ಲಿಯೇ ಉಳಿಯುತ್ತದೆ. ಪಡಿತರ ಅಂಗಡಿಯ ಯಂತ್ರವಾಗಲಿ, ಗೊಬ್ಬರದ ಅಂಗಡಿಯ ಯಂತ್ರವಾಗಲಿ ನೋಡುವುದು ಆಧಾರ್ ನೋಂದಣಿಯ ದಿನ ಕೊಟ್ಟ ಅಚ್ಚನ್ನು. ಆ ಯಂತ್ರದಲ್ಲಿ ಒಂದು ಬೆರಳು ಹೊಂದದಿದ್ದರೆ ಹತ್ತರಲ್ಲಿ ಉಳಿದ ಬೆರಳುಗಳನ್ನು ಇಟ್ಟು ನೋಡಲು ಕೇಳಿ. ಹಲವು ತಿಂಗಳಿಂದ ಯಾವುದೂ ಹೊಂದದಿದ್ದರೆ, ಬಿಡುವಿನ ಕಾಲದಲ್ಲಿ ಕೈಗೆ ಒಂದು ತಿಂಗಳು ವಿರಾಮ ಸಿಕ್ಕ ಮೇಲೆ, ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಮತ್ತು ಕಣ್ಣಿನ ಪಾಪೆಯ ದಾಖಲೆಯನ್ನು ಹೊಸದಾಗಿ ಕೊಡಬೇಕು. ಸುಗ್ಗಿಯ ನಡುವೆ ಹೋದರೆ ಸವೆದ ಅಚ್ಚೇ ದಾಖಲಾಗುತ್ತದೆ.

ಮೋಸಗಾರರಿಗೆ ಹೆದರಿ ಮಕ್ಕಳು ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿದ್ದರೆ ಬೆರಳು ಎಷ್ಟೇ ಚೆನ್ನಾಗಿದ್ದರೂ ಯಂತ್ರ ಒಪ್ಪದು. ಆಪ್‌ನಲ್ಲಿ ಆ ಬೀಗವನ್ನು ತಾತ್ಕಾಲಿಕವಾಗಿ ತೆಗೆದು ಮತ್ತೆ ಪ್ರಯತ್ನಿಸಿ. ಪಿಎಂ ಕಿಸಾನ್ ಯೋಜನೆಯ ಇ-ಕೆವೈಸಿಗೆ 2023ರ ಜೂನ್‌ನಿಂದ ಮುಖ ತೋರಿಸುವ ವ್ಯವಸ್ಥೆಯನ್ನೂ ಆಪ್‌ನಲ್ಲಿ ತರಲಾಯಿತು. ಬೆರಳು ಸವೆದವರು ಅದನ್ನು ಕೇಳಿ ಬಳಸಿಕೊಳ್ಳಬಹುದು.

ಪಡಿತರದ ವಿಷಯದಲ್ಲಿ ಇನ್ನೊಂದು ಮಾತು ಗ್ರಾಮಸೇವಕರಿಗೂ ಗೊತ್ತಿರಬೇಕು. ಬೆರಳು ಹೊಂದಲಿಲ್ಲವೆಂಬ ಅಥವಾ ನೆಟ್‌ವರ್ಕ್ ಇಲ್ಲವೆಂಬ ಕಾರಣಕ್ಕೆ ಅರ್ಹ ಕುಟುಂಬಕ್ಕೆ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ಎಲ್ಲ ರಾಜ್ಯಗಳಿಗೆ ಸೂಚನೆ ಕಳುಹಿಸಿದೆ. ಯಂತ್ರ ಒಪ್ಪದಿದ್ದರೆ ಬರಿಗೈಯಲ್ಲಿ ಹಿಂದಿರುಗದೆ, ಮೊಬೈಲಿಗೆ ಬರುವ ಒಟಿಪಿ ಅಥವಾ ಬೇರೆ ಯಾವ ವ್ಯವಸ್ಥೆ ಇದೆಯೆಂದು ಅಂಗಡಿಯಲ್ಲಿ ಕೇಳಿ. ಅಲ್ಲಿಯೂ ಆಗದಿದ್ದರೆ ಈ ಸೂಚನೆಯ ದಿನಾಂಕವನ್ನು ನಮೂದಿಸಿ ತಾಲ್ಲೂಕಿನ ಆಹಾರ ಶಾಖೆಗೆ ಲಿಖಿತ ಮನವಿ ಕೊಡಿ.